ಹದಿನೇಳನೆಯ ಅಧ್ಯಾಯವನ್ನು ತಿದ್ದಬೇಕೆಂದು ಉಣ್ಣೆಯ ದೊರೆ ಕ್ವಿಲ್ಟರ್ ಸಾಹೇಬರಿಗೆ

ಹುಣಸೂರು,
ಭಾವ ಸಂವತ್ಸರದ ಕಾರ್ತೀಕ ಮಾಸ

ಆಸ್ಟ್ರೇಲಿಯಾ ಖಂಡದ ಉಣ್ಣೆಗೆಲ್ಲ ಒಡೆಯರೂ, ಎರಡು ಹಡಗು, ಒಂದು ಪತ್ರಿಕೆ ಹಾಗೂ ಒಂದು ಪಂದ್ಯದ ಕುದುರೆಯ ಯಜಮಾನರೂ, ಈಚೆಗೆ ‘ಸರ್’ ಎಂಬ ಬಿರುದನ್ನು ಹೆಸರಿನ ಮುಂದೆ ಧರಿಸಿದವರೂ ಆದ ಬಾರ್ನಬಿ ಕ್ವಿಲ್ಟರ್ ಸಾಹೇಬರ ಸನ್ನಿಧಾನಕ್ಕೆ, ಲಕ್ಷ್ಮಣತೀರ್ಥ ನದಿಯ ದಡದಿಂದ ಇಂಗ್ಲಿಷ್ ಮೇಷ್ಟ್ರು ನೀಲಕಂಠಸ್ವಾಮಿ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಾವು ದಯಮಾಡಿ ಕಳುಹಿಸಿದ ತಮ್ಮ ಆತ್ಮಚರಿತ್ರೆ ಹೋದ ವಾರ ಟಪಾಲಿನಲ್ಲಿ ಬಂದು ತಲುಪಿತು. ಮೊದಲ ಹಾಳೆಯ ಮೇಲೆ ತಮ್ಮ ಸ್ವಹಸ್ತದಿಂದ ‘ನನ್ನ ನಂಬಿಕೆಯ ದುಭಾಷಿ ನೀಲ್ ಕ್ಯಾಂಟ್‌ಗೆ’ ಎಂದು ಬರೆದಿದ್ದೀರಿ. ತಿಂಗಳುಗಟ್ಟಲೆ ತಮ್ಮ ಪಕ್ಕದಲ್ಲೇ ನಿಂತು ತಮ್ಮ ಮಾತನ್ನು ಕನ್ನಡಕ್ಕೂ ಜನರ ಮಾತನ್ನು ಇಂಗ್ಲಿಷಿಗೂ ತಿರುಗಿಸಿದ ನನ್ನನ್ನು ಒಂದೇ ಗೀಟಿನಲ್ಲಿ ಬಿಳಿಯ ಜಾತಿಗೆ ಸೇರಿಸಿಕೊಂಡ ಈ ಔದಾರ್ಯಕ್ಕೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯದು. ನನ್ನ ಮನೆಯವರಾದ ನೀಲಾಂಬಿಕೆ ಮಾತ್ರ, “ಯಾರ್ರೀ ಅದು ನೀಲ್ ಕ್ಯಾಂಟು? ಪಾಪ, ಅವ್ರ ಪುಸ್ತಕ ನಮ್ಮನೆಗೆ ಬಂದ್ಬುಟ್ಟದೆ, ವಾಪಸ್ ಕಳ್ಸಿ” ಎಂದರು.

ಪುಸ್ತಕದ ಮೊದಲ ಹದಿನಾರು ಅಧ್ಯಾಯಗಳ ಬಗ್ಗೆ ನನ್ನ ತಕರಾರಿಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಹನ್ನೊಂದು ಹಳ್ಳಿಗಳಲ್ಲಿ ತಾವು ಮಾಡಿದ್ದು ಒಂದೇ ಭಾಷಣ, ಅದು ತಮ್ಮದೇ ಜೀವನಚರಿತ್ರೆ, ಅಷ್ಟೂ ಸಲ ಅದನ್ನು ಕನ್ನಡದಲ್ಲಿ ಹೇಳಿದವನು ನಾನು. ಆದ್ದರಿಂದ ಅದು ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿದೆ. ತಾವು ಕುರಿ ಸಾಕುವ ಸಾಹುಕಾರನ ಅಡಿಗೆಯವನ ಮಗ. ಹದಿಮೂರನೆಯ ವಯಸ್ಸಿಗೆ ಬರಿಗಾಲಲ್ಲಿ ಮನೆ ಬಿಟ್ಟಿರಿ. ಇಪ್ಪತ್ತಕ್ಕೆ ಉಣ್ಣೆ ಕತ್ತರಿಸುವವರ ತಂಡ ಕಟ್ಟಿದಿರಿ. ಮೂವತ್ತಕ್ಕೆ ಹಡಗು ಕೊಂಡಿರಿ. ತಮ್ಮ ಭಾವಚಿತ್ರವನ್ನು ಯಾವ ಪತ್ರಿಕೆಯೂ ಅಚ್ಚು ಹಾಕುತ್ತಿಲ್ಲವೆಂದು ತಾವೇ ಒಂದು ಪತ್ರಿಕೆ ತೆಗೆದಿರಿ. ಎರಡು ಸಲ ದಿವಾಳಿಯಾಗಿ ಎರಡು ಸಲವೂ ಮುಳುಗಿ ಮೇಲೆದ್ದಿರಿ. ಬರಿಗಾಲಿನ ಭಾಗ ಬಂದಾಗ ಮುಂದೆ ಕೂತಿದ್ದ ಹಳೇಗೆರೆಪಾಳ್ಯದ ಕುಳ್ಳಯ್ಯ, “ನಾನೂ ಬರಿಗಾಲೇ ಕಣ್ಸಾಮಿ, ಎಲ್ಲಿಗೂ ಓಗ್ನಿಲ್ಲ ಅಷ್ಟೇಯ” ಎಂದದ್ದನ್ನೂ, ಮುಳುಗಿದ ಭಾಗಕ್ಕೆ ಅವನದೇ ಊರಿನ ಬೆಟ್ಟಸ್ವಾಮಿ, “ಎಲ್ಡ್ ಸತಿ ಮುಳುಗವ್ರೆ ಅಂದ್ರೆ ಈಜು ಬರಕಿಲ್ಲ ಅಂತ ಅರ್ತ” ಎಂದದ್ದನ್ನೂ ನಾನು ತಮಗೆ, ‘ಜನ ಮೂಕವಿಸ್ಮಿತರಾಗಿದ್ದಾರೆ’ ಎಂದು ಇಂಗ್ಲಿಷಿನಲ್ಲಿ ತಿಳಿಸಿದೆ. ತಾವು ಟೋಪಿ ಎತ್ತಿದಿರಿ. ತಪ್ಪು ಆರಂಭವಾದದ್ದು ಅಲ್ಲಿಯೇ.

ನನ್ನ ದೂರು ಇರುವುದು ಹದಿನೇಳನೆಯ ಅಧ್ಯಾಯದ ಮೇಲೆ. ಹುಣಸೂರಿನ ಪಾಲಿಗೆ ಬಂದಿರುವುದು ಅದೊಂದೇ ಅಧ್ಯಾಯ, ಅದರಲ್ಲಿಯೂ ಒಂದೂವರೆ ಪುಟ. ಅಷ್ಟರಲ್ಲಿ ಹೇಳಿರುವ ಸಂಗತಿಗಳು ಮೂರು: ಹುಣಸೂರಿನ ಪಕ್ಕದ ಹಳೇಗೆರೆಪಾಳ್ಯದ ಜನ ಊರಿನ ಗೋಮಾಳವನ್ನು ಸಂತೋಷದಿಂದ ತಮ್ಮ ಕಂಪನಿಗೆ ಒಪ್ಪಿಸಿದರು, ಒಬ್ಬ ವೃದ್ಧ ಪೂಜಾರಿಣಿ ದಿನವೂ ಬೆಳಿಗ್ಗೆ ಬಂದು ತಮ್ಮ ಟಗರುಗಳನ್ನು ಆಶೀರ್ವದಿಸುತ್ತಿದ್ದಳು, ಕಡೆಗೆ ತಾವು ಕರುಣೆಯಿಂದ ಬೇಲಿಯ ಬಾಗಿಲನ್ನು ಬಡವರಿಗಾಗಿ ತೆರೆಸಿದಿರಿ. ಮೂರೂ ಸುಳ್ಳು. ಮೊದಲ ಎರಡು ನನ್ನವು, ಮೂರನೆಯದು ಮಾತ್ರ ತಮ್ಮ ಸ್ವಂತ ಸಂಪಾದನೆ. ನನ್ನ ಸರಕನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿರುವುದರಿಂದ ಅದರ ಹುಟ್ಟನ್ನು ತಿಳಿಸುವುದು ನನ್ನ ಧರ್ಮ.

ಸಾವಿರದ ಒಂಬೈನೂರ ಇಪ್ಪತ್ತೇಳನೆಯ ಇಸವಿಯಲ್ಲಿ ತಾವು ನಾಲ್ವತ್ತು ಟಗರುಗಳೊಡನೆ ಇಲ್ಲಿಗೆ ದಯಮಾಡಿಸಿದಾಗ ನಾನು ಇಸ್ಕೂಲಿಗೆ ರಜ ಹಾಕಿ ದುಭಾಷಿಯಾಗಿ ಸೇರಿದೆ. ತಾವು ಕೊಟ್ಟ ಕಂದು ಬಣ್ಣದ ಕೋಟು ತೊಟ್ಟು ಬಜಾರಿನಲ್ಲಿ ನಡೆದರೆ ಅಮಲ್ದಾರರ ಜವಾನನೂ ಎದ್ದು ನಿಲ್ಲುತ್ತಿದ್ದ. ಹಳೇಗೆರೆಪಾಳ್ಯದವರೆಲ್ಲ ಕುರಿ ಸಾಕಿ ಕಂಬಳಿ ನೇಯುವವರು. ಊರ ಮುಂದಿನ ಗೋಮಾಳವೇ ಅವರ ಹೊಟ್ಟೆ. ಊರಿನವರ ಒಪ್ಪಿಗೆಯಿದ್ದರೆ ಆ ನೆಲ ಕಂಪನಿಗೆ ಗುತ್ತಿಗೆಗೆ ಸಿಗುತ್ತದೆಂದು ತಾವು ಆಲದ ಮರದಡಿ ಸಭೆ ಸೇರಿಸಿ, ‘ನೆಲದ ಉಪಯೋಗ ಕಂಪನಿಗೆ ಮಾತ್ರ, ಊರಿನವರು ಕೂಲಿಗೆ ಅರ್ಜಿ ಹಾಕಿಕೊಳ್ಳಬಹುದು’ ಎಂದಿರಿ. ನಾನು ಜನರ ಮುಖ ನೋಡಿದೆ, ತಮ್ಮ ಮುಖ ನೋಡಿದೆ, ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡೆ. ಆಮೇಲೆ, “ದೊರೆಗಳ ಕುರೀನೂ ನಿಮ್ಮ ಕುರೀನೂ ಒಟ್ಟಿಗೇ ಮೇಯ್ತವೆ, ಯಾರಿಗೂ ತೊಂದರೆಯಿಲ್ಲ” ಎಂದುಬಿಟ್ಟೆ. ಮುಂದೆ ಹೇಗಾದರೂ ತಮ್ಮನ್ನು ಒಪ್ಪಿಸಿದರಾಯಿತು ಎಂದು ನಿಜವಾಗಿಯೂ ನಂಬಿದ್ದೆ. ಊರೆಲ್ಲ ಹೆಬ್ಬೆಟ್ಟು ಒತ್ತಿತು.

ಮೂರನೆಯ ವಾರ ಮುಳ್ಳುತಂತಿಯ ಬೇಲಿ ಬಂತು.

ತಾವು ಪೂಜಾರಿಣಿ ಎಂದು ಬರೆದಿರುವಾಕೆ ಚಿಕ್ಕಸಿದ್ದಮ್ಮ. ಪೂಜೆಗೂ ಆಕೆಗೂ ಸಂಬಂಧವಿಲ್ಲ. ಗಂಡ ಸತ್ತ ಮೇಲೆ ಮೂವತ್ತು ಕುರಿ, ಒಂದು ಮಗ್ಗ ಇಟ್ಟುಕೊಂಡು ಬದುಕಿದವಳು. ಬೇಲಿ ಬಂದ ಮಾರನೆಯ ದಿನದಿಂದ ಆಕೆ ತನ್ನ ಕುರಿಗಳನ್ನು ಎರಡು ಹರದಾರಿ ಆಚೆ ಹೊಡೆದುಕೊಂಡು ಹೋಗಬೇಕಾಯಿತು. ಹೋಗುವ ಮುನ್ನ ದಿನವೂ ಬೇಲಿಯ ಮುಂದೆ ನಿಂತು ಎರಡು ಕೈಯನ್ನೂ ಎತ್ತಿ, “ನಿನ್ನ ಬೇಲಿಗೆ ಬೆಂಕಿ ಬೀಳ! ನಿನ್ನ ಟಗರಿನ ಕೊಂಬು ಉದುರ! ನೀನು ಬಂದ ಅಡಗು ನೀರಿಲ್ದೆ ಒಣಗ!” ಎಂದು ಶಾಪ ಹಾಕುತ್ತಿದ್ದಳು. ಆಕೆ ಏನನ್ನುತ್ತಾಳೆಂದು ತಾವು ಕೇಳಿದಿರಿ. ‘ಟಗರುಗಳಿಗೆ ಆಯುರಾರೋಗ್ಯ ಕೋರುತ್ತಿದ್ದಾಳೆ’ ಎಂದೆ. ಅಂದಿನಿಂದ ತಾವು ಪ್ರತಿದಿನವೂ ಆಕೆಗೆ ಎದುರಾಗಿ ಟೋಪಿ ಎತ್ತಿ ನಗುತ್ತ ನಿಂತಿರಿ. ನಾಲ್ಕು ದಿನ ನೋಡಿ ಆಕೆ ನನ್ನನ್ನು ಪಕ್ಕಕ್ಕೆ ಕರೆದು, “ಮೇಷ್ಟ್ರೆ, ಈ ಮನ್ಸ ಬೈದ್ರೆ ನಗ್ತಾನಲ್ಲ, ತಲೆ ಗಿಲೆ ಸರಿಯಾಗೈತಾ?” ಎಂದು ಕನಿಕರದಿಂದ ವಿಚಾರಿಸಿದಳು.

ಆಷಾಢದ ಮಳೆ ಹಿಡಿಯಿತು. ಕೊಡಗಿನ ಕಡೆಯಿಂದ ಬರುವ ಜಡಿಮಳೆಯ ಪರಿಚಯ ತಮ್ಮ ಟಗರುಗಳಿಗೆ ಇರಲಿಲ್ಲ. ಮೈತುಂಬ ಹೊತ್ತ ಆ ದಪ್ಪ ಉಣ್ಣೆಯ ತುಪ್ಪಟ ನೀರು ಕುಡಿದು ಭಾರವಾಗಿ, ಅವು ಏಳಲಾರದೆ ಕೂತವು; ಗೊರಸು ಕೊಳೆತವು, ಗಾಯಕ್ಕೆ ಹುಳ ಬಿದ್ದವು. ತಾವು ಮೆಲ್ಬರ್ನಿಗೆ ತಂತಿ ಕೊಟ್ಟಿರಿ. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ನಾಲ್ಕು ಟಗರು ಸತ್ತವು. ಐದನೆಯದು ಬೇಲಿಯ ಬುಡದಲ್ಲಿ ಬಿದ್ದು ಒರಲುತ್ತಿದ್ದಾಗ ಚಿಕ್ಕಸಿದ್ದಮ್ಮ ಆ ದಾರಿಯಲ್ಲಿ ಬಂದಳು. ಶಾಪ ಹಾಕಲು ಎತ್ತಿದ ಕೈ ಹಾಗೇ ಇಳಿಯಿತು.

“ಇವ್ನ್ ಮನೆ ಆಳಾಗ, ಮೂಗ್‌ಪ್ರಾಣಿ ಏನ್ ಮಾಡಿತ್ತು? ಬಾಗ್ಲು ತಗೀರಿ ಮೇಷ್ಟ್ರೆ!”

ನಾನು ತೆಗೆದೆ. ಆಕೆ, ಕುಳ್ಳಯ್ಯ, ಬೆಟ್ಟಸ್ವಾಮಿ ಮೂವರೂ ಆ ಮಳೆಯಲ್ಲೇ ಕೂತು ಒದ್ದೆ ತುಪ್ಪಟ ಕತ್ತರಿಸಿದರು. ಗೊರಸು ಕೆತ್ತಿ ಬೇವಿನೆಣ್ಣೆ ಹಾಕಿದರು. ಹುಳಕ್ಕೆ ಸೀತಾಫಲದ ಎಲೆ ಅರೆದು ಮೆತ್ತಿದರು. ಕಾಲು ಕೆಸರಿಗೆ ತಾಗದಂತೆ ಬಿದಿರಿನ ಅಟ್ಟಣೆ ಕಟ್ಟಿ ಮೇಲೆ ನಿಲ್ಲಿಸಿದರು. ಹದಿನೆಂಟು ದಿನ ಆಕೆ ತನ್ನ ಮಗ್ಗ ಮುಟ್ಟಲಿಲ್ಲ. ಮೂವತ್ತಾರು ಟಗರು ಉಳಿದವು. ತಾವು ಒಂದನ್ನು ತೋಳಿನಲ್ಲಿ ಎತ್ತಿಕೊಂಡು ಫೋಟೋ ತೆಗೆಸಿಕೊಂಡದ್ದು ಪುಸ್ತಕದಲ್ಲಿ ಚೆನ್ನಾಗಿ ಬಂದಿದೆ. ಅದರ ಹಿಂಗಾಲನ್ನು ಕೆಳಗಿನಿಂದ ಹಿಡಿದಿರುವ ಕೈ ಕುಳ್ಳಯ್ಯನದು.

ಆ ದಿನ ತಾವು ಬಹಳ ಸಂತೋಷದಿಂದ, ಊರಿನವರೆಲ್ಲರ ಎದುರಿಗೆ, ‘ಈಕೆಗೆ ಏನು ಬೇಕೋ ಕೇಳು’ ಎಂದಿರಿ. ಕೇಳಿದೆ. ಆಕೆ, “ನಂಗೇನೂ ಬ್ಯಾಡ. ಕುರಿ ಒಟ್ಟಿಗೇ ಮೇಯ್ಲಿ ಅಂತ ಅವತ್ತು ಮರದ್ ಕೆಳ್ಗೆ ಮಾತು ಕೊಟ್ಟವ್ರಲ್ಲ, ಅಂಗೆ ನಡ್ಕೊಂಡ್ರೆ ಸಾಕು” ಎಂದಳು.

ಇದನ್ನು ಸಿಹಿಯಾಗಿ ತಿರುಗಿಸಲು ನನ್ನ ಬಾಯಲ್ಲಿ ವಾಕ್ಯ ಸಿದ್ಧವಾಗಿತ್ತು ಸ್ವಾಮಿ, ಸುಳ್ಳಾಡುವುದಿಲ್ಲ. ‘ತಮ್ಮ ದರ್ಶನವೇ ಸಾಕಂತೆ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆಕೆಯ ಬೆರಳುಗಳು ಹದಿನೆಂಟು ದಿನದ ಮಳೆಗೆ ಬೆಂಡಿನಂತೆ ಬೆಳ್ಳಗಾಗಿದ್ದವು, ಅವನ್ನು ನೋಡುತ್ತ ಆ ವಾಕ್ಯ ಹೊರಡಲಿಲ್ಲ. ಆಕೆ ಹೇಳಿದ್ದನ್ನು ಹಾಗೆಯೇ ಹೇಳಿದೆ. ‘ಯಾವ ಮಾತು? ನಾನು ಹಾಗೆ ಹೇಳಲೇ ಇಲ್ಲವಲ್ಲ?’ ಎಂದಿರಿ. ಅದನ್ನೂ ಕನ್ನಡದಲ್ಲಿ ಹಾಗೆಯೇ ಹೇಳಿ, ಕೊನೆಗೆ, “ದೊರೆಗಳು ಅನ್ನಲಿಲ್ಲ, ನಾನೇ ಸೇರಿಸಿದೆ” ಎಂದೆ. ಬೆಳಗಿನ ಆಶೀರ್ವಾದಗಳ ಸಂಗತಿಯನ್ನೂ ತಮಗೆ ಆಗಲೇ ಒಪ್ಪಿಸಿದೆ. ತಾವು ಅದನ್ನು ಮರೆತು ಪುಸ್ತಕ ಬರೆದಿರುವುದು ತಮ್ಮ ನೆನಪಿನ ಶಕ್ತಿಗೆ ದೊಡ್ಡ ನಿದರ್ಶನ. ತಾವು ನನ್ನನ್ನು ಅಲ್ಲೇ ಕೆಲಸದಿಂದ ತೆಗೆದು, ಕೋಟು ಬಿಚ್ಚಿ ಕೊಡಲು ಅಪ್ಪಣೆ ಮಾಡಿದಿರಿ. ಬರೀ ಬನೀನಿನಲ್ಲಿ ಮಳೆಗೆ ನಿಂತೆ. ಊರಿನವರು ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು.

ಚಿಕ್ಕಸಿದ್ದಮ್ಮ ನನ್ನ ಕಡೆ ನೋಡದೆ ಮನೆಗೆ ಹೊರಟಳು. ಆಗ ನಡೆದದ್ದನ್ನು ತಾವು ‘ಕರುಣೆ’ ಎಂದು ಬರೆದಿದ್ದೀರಿ. ಮೂವತ್ತಾರು ಟಗರುಗಳೂ ಅಟ್ಟಣೆಯಿಂದ ಧುಮುಕಿ, ತೆರೆದಿದ್ದ ಬಾಗಿಲಿನಿಂದ ಹೊರಬಿದ್ದು, ಆಕೆಯ ಹಿಂದೆ ಸಾಲಾಗಿ ಊರೊಳಗೆ ನಡೆದವು. ಕಂಪನಿಯ ಆಳುಗಳು ಹಿಡಿದು ತಂದರೆ ಮೇವು ಮುಟ್ಟದೆ ಆಕೆಯ ಮನೆಯ ದಿಕ್ಕಿಗೆ ಮುಖ ಮಾಡಿ ಒರಲಿದವು. ಆಕೆ ಬೇಲಿಯೊಳಗೆ ಬಂದರೆ ಮಾತ್ರ ಒಳಗೆ, ಆಕೆ ಬರುವುದಾದರೆ ಆಕೆಯ ಕುರಿಗಳೂ ಒಳಗೆ, ಆಕೆಯ ಕುರಿ ಬಂದ ಮೇಲೆ ಊರಿನ ಕುರಿಗಳನ್ನು ತಡೆಯುವವರು ಯಾರು? ತಾವು ಬಾಗಿಲು ತೆರೆಸಲಿಲ್ಲ ಸ್ವಾಮಿ. ಅದನ್ನು ಮುಚ್ಚಲು ತಮಗೆ ಆಗಲಿಲ್ಲ.

ಆಮೇಲೆ ಲೋಕದಲ್ಲೆಲ್ಲ ಉಣ್ಣೆಯ ಧಾರಣೆ ಬಿತ್ತು, ತಾವು ಮೂರನೆಯ ಸಲ ಮುಳುಗಲು ಹಡಗು ಹತ್ತಿದಿರಿ. ಮುಳುಗುತ್ತ ಮುಳುಗುತ್ತ ‘ಸರ್’ ಆದ ವಿದ್ಯೆಯನ್ನು ನಮ್ಮ ಇಸ್ಕೂಲಿನ ಹುಡುಗರಿಗೆ ಹೇಳಿಕೊಡಲು ಒಮ್ಮೆ ಬರಬೇಕೆಂದು ಕೋರುತ್ತೇನೆ. ತಮ್ಮ ಟಗರುಗಳ ಸಂತಾನ ಇಲ್ಲಿ ಬೆಳೆದಿದೆ; ಅವುಗಳ ತುಪ್ಪಟದಲ್ಲಿ ನೇಯ್ದ ಕಂಬಳಿ ಬೆಣ್ಣೆಯಂತಿದ್ದು, ಮೊದಲ ಮಳೆಗೇ ಸೋರುತ್ತದೆ. ಪಿರಿಯಾಪಟ್ಟಣದ ಸಂತೆಯಲ್ಲಿ ಅದಕ್ಕೆ ‘ದೊರೆ ಕಂಬಳಿ’ ಎಂದು ಹೆಸರು, ಕೊಳ್ಳುವವರು ಕಡಿಮೆ.

ಕೋಟು ಬಿಚ್ಚಿಕೊಟ್ಟ ದಿನದಿಂದ ಮೂರು ತಿಂಗಳು ಹಳೇಗೆರೆಪಾಳ್ಯದಲ್ಲಿ ನನ್ನೊಡನೆ ಯಾರೂ ಮಾತನಾಡಲಿಲ್ಲ. ನಾಲ್ಕನೆಯ ತಿಂಗಳು ಚಿಕ್ಕಸಿದ್ದಮ್ಮ ಇಸ್ಕೂಲಿಗೇ ಬಂದು, ಗುತ್ತಿಗೆ ರದ್ದು ಮಾಡಿ ಗೋಮಾಳ ಹಿಂದಿರುಗಿಸಲು ಅಮಲ್ದಾರರಿಗೆ ಅರ್ಜಿ ಬರೆದುಕೊಡಬೇಕೆಂದು ಕೇಳಿದಳು. “ಮೇಷ್ಟ್ರೆ, ಈ ಸತಿ ನಾನೇಳ್ದಂಗೆ ಬರೀರಿ. ನಿಮ್ದೇನೂ ಸೇರುಸ್ಬ್ಯಾಡಿ.” ಬರೆದೆ. ‘ಮಹಾಸ್ವಾಮಿಯವರ ಪಾದಾರವಿಂದಗಳಲ್ಲಿ’ ಎಂದು ತೊಡಗಿದವನನ್ನು ಆಕೆ ತಡೆದು, “ಪಾದ ಯಾಕೆ? ನೆಲ ಅಂತ ಬರೀರಿ” ಎಂದಳು. ಐದೇ ಸಾಲಿನ ಅರ್ಜಿ. ಒಂದು ವರ್ಷ ಅಲೆದ ಮೇಲೆ ನೆಲ ಊರಿಗೆ ಬಂತು.

ಮೊನ್ನೆ ತಮ್ಮ ಪುಸ್ತಕ ಹಿಡಿದು ಆಕೆಯ ಜಗಲಿಗೆ ಹೋಗಿ ಆ ಒಂದೂವರೆ ಪುಟವನ್ನು ಒಂದು ಮಾತೂ ಬಿಡದೆ ಕನ್ನಡದಲ್ಲಿ ಓದಿದೆ. ಆಕೆ ನೂಲು ತೆಗೆಯುತ್ತಲೇ ಕೇಳಿದಳು. ಮುಗಿದ ಮೇಲೆ, “ಅಲ್ಲಾ ಮೇಷ್ಟ್ರೆ, ನಾನು ಬೈದಿದ್ದೆಲ್ಲ ಅವ್ನಿಗೆ ಅರಕೆಯಾಗಿ ತಟ್ತಾ? ಪಾಪ, ಬುಡಿ. ಬದುಕ್ಕೊಳ್ಲಿ” ಎಂದಳು. ನನಗೆ ಕೂರಲು ಹೊಸ ಕಂಬಳಿ ಹಾಸಿದಳು. ಏಳು ವರ್ಷಗಳಲ್ಲಿ ಮೊದಲ ಸಲ.

ಆಕೆ ಬಿಟ್ಟಳು, ನಾನು ಬಿಡುವುದಿಲ್ಲ. ಮುಂದಿನ ಮುದ್ರಣದಲ್ಲಿ ಹದಿನೇಳನೆಯ ಅಧ್ಯಾಯದ ಸುಳ್ಳುಗಳ ಕೆಳಗೆ ನನ್ನ ಹೆಸರನ್ನು ಪೂರ್ತಿಯಾಗಿ, ಕಾಗುಣಿತ ತಪ್ಪದಂತೆ ಅಚ್ಚು ಹಾಕಿಸಬೇಕೆಂದೂ, ಕೊಂಡವರ ಮನೆಗಳಿಗೆ ತಾವೇ ಬರಿಗಾಲಲ್ಲಿ ಹೋಗಿ ಹಳೆಯ ಪ್ರತಿಗಳನ್ನು ತಿದ್ದಿ ಬರಬೇಕೆಂದೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.

ಇಂತು, ತಮ್ಮ ಅನ್ನ ಉಂಡು ತಮ್ಮ ಕೋಟು ಕಳೆದುಕೊಂಡ,
ತಮ್ಮ ವಿಶ್ವಾಸಿ,
ಗಾವುಡಗೆರೆ ನೀಲಕಂಠಸ್ವಾಮಿ

ವಿ.ಸೂ.: ಇಂಗ್ಲಿಷಿನಲ್ಲಿ ತಮಗೆ ಬರೆಯಲು ಕೂತರೆ ನನ್ನ ಕೈ ಈಗಲೂ ತಾನಾಗಿ ಸಕ್ಕರೆ ಸೇರಿಸುವುದರಿಂದ ಈ ಪತ್ರವನ್ನು ಕನ್ನಡದಲ್ಲೇ ಬರೆದು ಇಲ್ಲಿಯ ಪತ್ರಿಕೆಗೆ ಕೊಟ್ಟಿದ್ದೇನೆ. ತಮ್ಮ ಕಡೆ ಯಾರಾದರೂ ಇದನ್ನು ತಮಗೆ ಓದಿ, ‘ಹುಣಸೂರಿನ ಜನ ತಮ್ಮನ್ನು ದಿನವೂ ನೆನೆಯುತ್ತಾರಂತೆ’ ಎಂದು ಅರ್ಥ ಹೇಳಿದರೆ, ಆ ಮಹಾನುಭಾವರಿಗೆ ಒಂದು ಕೋಟು ಹೊಲಿಸಿಕೊಡಿ.