ಗರಿಕೆಗೆ ನೀರು ಹಾಕಿದ ಮೊಮ್ಮಗ

ನಮ್ಮ ಅಜ್ಜ ಬದುಕಿದ್ದರೆ ಈ ವಿಷಯವನ್ನು ನಾನು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಮನುಷ್ಯನಿಗೆ ಒಂದೊಂದು ವಯಸ್ಸಿಗೆ ಒಂದೊಂದು ಹುಚ್ಚು ಹಿಡಿಯುತ್ತದೆ. ಕೆಲವರಿಗೆ ಇಸ್ಪೀಟು, ಕೆಲವರಿಗೆ ಊರ ಪಂಚಾಯಿತಿ, ಇನ್ನು ಕೆಲವರಿಗೆ ಕಂಡಕಂಡವರ ಮಕ್ಕಳಿಗೆ ಗಂಡು ಹುಡುಕುವುದು. ನನಗೆ ಹಿಡಿದದ್ದು ಹುಲ್ಲಿನ ಹುಚ್ಚು. ಅದೂ ಎಂಥ ಹುಲ್ಲು? ಗರಿಕೆ! ಕೊಟ್ಟೂರಿನ ಹತ್ತಿರದ ನಮ್ಮ ಎರೆಹೊಲದಲ್ಲಿ ಅಜ್ಜ ಯಾವುದನ್ನು ಕೀಳುತ್ತ ಆಯುಷ್ಯ ಸವೆಸಿದನೋ ಅದೇ ಗರಿಕೆ. ಚೌತಿಯ ದಿನ ಗಣಪತಿಗೆ ಏರಿಸುವಷ್ಟನ್ನು ಬಿಟ್ಟರೆ ಉಳಿದದ್ದೆಲ್ಲ ಅವನಿಗೆ ವೈರಿ. ಬೇರಿನ ಬೆನ್ನು ಹತ್ತಿ ಮೊಣಕೈ ಆಳ ಅಗೆಯುತ್ತಿದ್ದ. ಕಿತ್ತದ್ದು ಹೊಲದಲ್ಲೇ ಬಿದ್ದಿದ್ದರೆ ಮತ್ತೆ ಚಿಗುರುತ್ತದೆಂದು ಬಂಡಿಜಾಡಿಗೆ ಹೊತ್ತು ಹಾಕುತ್ತಿದ್ದ. ಹೊಲದ ಬದುವಿನ ಮೇಲೆ ನಾವು ಮೊಮ್ಮಕ್ಕಳು ಬುತ್ತಿ ಬಿಚ್ಚಿ ಕುಳಿತರೂ ಬಿಡುತ್ತಿರಲಿಲ್ಲ. "ಕೈ ಸುಮ್ಮನ ಇಟಗಾಬ್ಯಾಡ್ರಲೇ, ಕುಂತಲ್ಲೇ ನಾಕು ಗರಿಕಿ ಕೀಳ್ರಿ" ಎನ್ನುತ್ತಿದ್ದ. ಸಂಜೆ ಸೊಂಟ ಹಿಡಿದುಕೊಂಡು, "ಇದು ಸಾಯಂಗಿಲ್ಲ, ನಾನೇ ಸಾಯಬೇಕು" ಎಂದು ಬೈಯುತ್ತಿದ್ದ. ಕೊನೆಗೆ ಹಾಗೆಯೇ ಆಯಿತು.

ಅಂಥವನ ಮೊಮ್ಮಗ ನಾನು ಸರ್ಕಾರಿ ಗುಮಾಸ್ತನಾಗಿ ಹರಪನಹಳ್ಳಿಗೆ ವರ್ಗವಾಗಿ ಬಂದೆ. ಆಗ ಆ ತಾಲೂಕು ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಸೇರಿದ ಹೊಸತು. ಮೀಟಿಂಗ್ ಎಂದರೆ ಸಾಕು, ನನ್ನ ಕಾಲು ಹಳೇ ಅಭ್ಯಾಸದಂತೆ ಬಳ್ಳಾರಿ ಬಸ್ಸಿನ ಕಡೆಗೇ ಎಳೆಯುತ್ತಿತ್ತು. ಸೋರುತ್ತದೆಂದು ಯಾವ ಸಾಹೇಬರೂ ಒಪ್ಪದ ಹಳೆಯ ಕ್ವಾರ್ಟರ್ಸು ನನ್ನ ಪಾಲಿಗೆ ಬಂತು. ಮನೆ ಚಿಕ್ಕದು, ಅಂಗಳ ಭಾರಿ. ಯಾವುದೋ ಕಾಲದ ಸಾಹೇಬರು ಅಲ್ಲಿ ಲಾನ್ ಮಾಡಿಸಿದ್ದರಂತೆ. ನಾವು ಹೋದಾಗ ಮೊಣಕಾಲೆತ್ತರ ಪಾರ್ಥೇನಿಯಂ, ಉತ್ತರಾಣಿ, ಕಾಲಿಟ್ಟಲ್ಲೆಲ್ಲ ನೆಗ್ಗಿಲ ಮುಳ್ಳು. ನಾನು ಮೂಗು ಮುರಿದೆ. ನನ್ನ ಹೆಂಡತಿ ಸುಮಂಗಲಾ ಮಾತ್ರ ಬಾಗಿಲಲ್ಲೇ ನಿಂತು ಅಂಗಳವನ್ನು ನೋಡಿಯೇ ನೋಡಿದಳು. ಅವಳು ಪ್ರೈಮರಿ ಶಾಲೆಯ ಟೀಚರು. ಇಡೀ ದಿನ ಬಂಡೆ ಹಾಸಿದ ನೆಲದ ಮೇಲೆ ನಿಂತು ಪಾಠ ಮಾಡಿ, ಮನೆಗೆ ಬಂದರೆ ಅಲ್ಲಿಯೂ ಬಂಡೆಯ ಅಂಗಳ. ನಾವು ಅಲ್ಲಿಯವರೆಗೆ ಇದ್ದ ಬಾಡಿಗೆ ಮನೆಗಳೆಲ್ಲ ಹಾಗೆಯೇ ಇದ್ದವು. "ಒಂದಾರ ಸಂಜಿ ಹಸಿರು ಹುಲ್ಲಿನ ಮ್ಯಾಲೆ ಕಾಲು ಚಾಚಿ ಕುಂತು ಚಾ ಕುಡೀಬೇಕು ನೋಡ್ರಿ, ಬ್ಯಾರೇನೂ ಬ್ಯಾಡ" ಎಂದಳು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ಹೂಂ ಎಂದೆ. ಅವಳು ಮರುದಿನವೇ ಶಾಲೆಗೆ ಹೋಗಿ, ಶ್ರಾವಣದಲ್ಲಿ ನಮ್ಮ ಲಾನಿನ ಮೇಲೆ ಚಹಾಕ್ಕೆ ಬರಬೇಕೆಂದು ಜೊತೆಯ ಟೀಚರುಗಳನ್ನೆಲ್ಲ ಕರೆದೇ ಬಿಟ್ಟಳು.

ಬೇಸಿಗೆ ಶುರುವಾಗಿತ್ತು. ಕಳೆ ಕೀಳುವ ಕುರ್ಪಿ ಹಿಡಿದು ಕುಕ್ಕರಗಾಲಲ್ಲಿ ಕುಳಿತೆ. ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ ಕುರ್ಪಿಯೇ ಬಾಗಿತು. ಆದರೆ ಕಳೆಯ ಅಡಿಯಲ್ಲಿ ಹಳೆಯ ಲಾನಿನ ಗರಿಕೆ ಅಲ್ಲಲ್ಲಿ ಬಡಕಲಾಗಿ ಉಸಿರು ಹಿಡಿದುಕೊಂಡಿತ್ತು. ಅದನ್ನು ಕಂಡಾಗ ನನಗಾದ ಸಂತೋಷವನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಸ್ನಾನದ ನೀರು, ಬಟ್ಟೆ ಜಾಲಾಡಿದ ನೀರು ಎಲ್ಲ ಅದಕ್ಕೇ ಸುರಿದೆ. ಗೇಟಿನ ಹೊರಗೆ ಹೋಗುವವರು ನಿಂತು ವಿಚಾರಿಸುತ್ತಿದ್ದರು.

"ಏನು ಬೆಳಸಾಕ ಹತ್ತೀರಿ ಸಾಹೇಬ್ರ?"

"ಗರಿಕೆ."

"ಹೌದ್ರಿ? ದನ ಎಷ್ಟ್ ಅದಾವ್ರಿ?"

"ಒಂದೂ ಇಲ್ಲ."

ಅಷ್ಟಕ್ಕೇ ಅವರು ಮುಂದೆ ನಡೆದುಬಿಡುತ್ತಿದ್ದರು. ಒಬ್ಬ ಹಿರಿಯರಂತೂ ನನ್ನ ಕಡೆಗೊಮ್ಮೆ, ಮನೆಯ ಕಡೆಗೊಮ್ಮೆ ನೋಡಿ, "ಪಾಪ, ಅಕ್ಕಾರು ಅದಾರಲ್ಲ, ನೋಡ್ಕಂತಾರ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಹೋದರು.

ಇಂಥ ಹೊತ್ತಿನಲ್ಲಿ ನನ್ನ ಹೆಂಡತಿಯ ತಮ್ಮ ಕೊಟ್ರಪ್ಪ ಬಂದ. ಉಚ್ಚಂಗಿದುರ್ಗದ ಕಡೆ ಮೆಕ್ಕೆಜೋಳ ಬೆಳೆಯುವವನು. ಅಕ್ಕನೆಂದರೆ ಪ್ರಾಣ. ಅಂಗಳದಲ್ಲಿ ಒಂದು ಹಿಡಿ ಮಣ್ಣು ತೆಗೆದು, ತಿಕ್ಕಿ, ಮೂಸಿ, ವೈದ್ಯರಂತೆ ತಲೆ ಅಲ್ಲಾಡಿಸಿದ. "ಮಾವಾ, ನೆಲದಾಗ ಕಸುವು ಇಲ್ಲ. ಕುರಿ ನಿಂದ್ರಸಬೇಕು" ಎಂದ. ಬೇಸಿಗೆಯಲ್ಲಿ ಖಾಲಿ ಹೊಲದಲ್ಲಿ ಕುರಿಮಂದೆಯನ್ನು ತಂಗಿಸಿ, ಹಿಕ್ಕೆ ಗಂಜಲದಿಂದ ನೆಲಕ್ಕೆ ಗೊಬ್ಬರ ಮಾಡಿಸಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಹೊಲಕ್ಕಾದರೆ ಸರಿ, ಲಾನಿಗೆ ಯಾರಾದರೂ ಕುರಿ ತರುತ್ತಾರೆಯೇ? ತಮಾಷೆಯೆಂದುಕೊಂಡು, ಗಡ್ಡ ಹೆರೆಯಲು ಕೆನ್ನೆಗೆ ಸೋಪು ಬಳಿದುಕೊಳ್ಳುತ್ತಲೇ, "ನಿಂದ್ರಸಪ್ಪ, ಅದಕ್ಕೇನು" ಎಂದೆ. ಕೊಟ್ರಪ್ಪನಿಗೆ ಒಮ್ಮೆಯೂ ತಮಾಷೆ ಅರ್ಥವಾದದ್ದಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ಕೆಲವು ದಿನಗಳ ನಂತರ ದಾವಣಗೆರೆಗೆ ಮೀಟಿಂಗಿಗೆ ಹೋದವನು ಮರುದಿನ ಬೆಳಗಿನ ಬಸ್ಸಿಗೆ ಬಂದೆ. ನಮ್ಮ ಓಣಿಯ ತುದಿಗೇ ವಾಸನೆ ಹೊಡೆಯಿತು. ಪಾಪ, ಯಾರ ಮನೆಯದೋ ಎಂದುಕೊಳ್ಳುತ್ತ ಬಂದರೆ, ನನ್ನದೇ! ಗೇಟು ತೆಗೆದರೆ ಅಂಗಳದ ತುಂಬ ಕುರಿ. ಅಷ್ಟೂ ಕುರಿಗಳು ಒಟ್ಟಿಗೆ ತಲೆಯೆತ್ತಿ, ಯಾರಪ್ಪ ಇವನು ಎಂಬಂತೆ ನನ್ನನ್ನು ನೋಡಿದವು. ಕುರಿಗಾರ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ನಾನು ಸ್ನಾನದ ನೀರು ಸುರಿದು ಸಾಕಿದ ಗರಿಕೆ ನೆಲಸಮವಾಗಿತ್ತು. ಪಾರ್ಥೇನಿಯಂ ಮಾತ್ರ ಹೂ ಮುಡಿದು ನಿಂತಿತ್ತು.

"ಅದನ್ನ ನಮ್ಮ ಕುರಿ ಮೂಸಂಗಿಲ್ರಿ" ಎಂದ ಕುರಿಗಾರ, ತನ್ನ ಕುರಿಗಳ ಮರ್ಯಾದೆ ಕಾಪಾಡುವವನಂತೆ.

ಕೊಟ್ರಪ್ಪ ನಗುತ್ತ ಎದುರು ಬಂದ. "ಹ್ಯಾಂಗೈತಿ ಮಾವಾ?" ಅವನ ಹಿಂದೆಯೇ ಸುಮಂಗಲಾ ಬಂದಳು. ಅವಳು ನಗುತ್ತಿರಲಿಲ್ಲ. "ಲೇ ಕೊಟ್ರಾ, ಶ್ರಾವಣಕ್ಕ ಶಾಲಿ ಮಂದಿನ್ನೆಲ್ಲ ಕರದೀನಿ. ಎಲ್ಲಿ ಕುಂದ್ರಸಲಿ? ಹುಲ್ಲಿನ ಮ್ಯಾಲೆ ಕುಂದ್ರತೀನಿ ಅಂದ್ರ ನೀವಿಬ್ರೂ ಕೂಡಿ ನನ್ನ ಹಿಕ್ಕಿ ಮ್ಯಾಲೆ ಕುಂದ್ರಸಿದ್ರಿ" ಎಂದವಳ ಕಣ್ಣಲ್ಲಿ ನೀರು ಬಂತು. ತಪ್ಪು ಅವನದೆನ್ನುವಂತಿಲ್ಲ, ಸೋಪು ಬಳಿದ ಬಾಯಿಂದ ಅಪ್ಪಣೆ ಕೊಟ್ಟವನು ನಾನು. ಕೊಟ್ರಪ್ಪ ಮಾತ್ರ ಜಗ್ಗಲಿಲ್ಲ. "ಅಕ್ಕಾ, ಒಂದು ಮಳಿ ಬರ್ಲಿ, ಆಮ್ಯಾಲೆ ಬೈ" ಎಂದು ಬಸ್ಸು ಹತ್ತಿದ.

ಮಳೆ ಬರುವವರೆಗೆ ಮನೆಯಲ್ಲಿ ಲಾನಿನ ಮಾತೇ ಇಲ್ಲ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಸುಮಂಗಲಾ ಮಾತು ಹಾರಿಸುತ್ತಿದ್ದಳಂತೆ. ಒಂದು ಮಧ್ಯಾಹ್ನ ಗುಡುಗು ಸಮೇತ ದೊಡ್ಡ ಮಳೆ ಹೊಡೆಯಿತು. ಮನೆಯೊಳಗೆ ಸೋರುವಲ್ಲೆಲ್ಲ ಬೋಗುಣಿ ಇಟ್ಟು, ನಾವಿಬ್ಬರೂ ಕಿಟಕಿಯಲ್ಲಿ ನಿಂತು ಅಂಗಳ ನೋಡಿದೆವು. ವಾರ ಕಳೆಯುವುದರೊಳಗೆ ನೆಲದ ಒಳಗಿನಿಂದ ಸೂಜಿಮೊನೆಯಂಥ ಹಸಿರು ಎದ್ದಿತು. ಆಮೇಲೆ ಅದಕ್ಕೆ ತಡೆಯೇ ಇರಲಿಲ್ಲ. ಕುರಿ ತಿಂದದ್ದು ಮೇಲಿನದನ್ನು ಮಾತ್ರ. ಕೆಳಗೆ ಬೇರು ಹಾಗೆಯೇ ಇತ್ತು, ಮೇಲೆ ಬೇಕಾದಷ್ಟು ಗೊಬ್ಬರ ಬಿದ್ದಿತ್ತು. ಜೊತೆಗೆ ಆ ಕುರಿಗಳು ಎಲ್ಲೆಲ್ಲೋ ಮೇಯ್ದ ಜಾಲಿಕಾಯಿಯ ಬೀಜವೂ ಹಿಕ್ಕೆಯಲ್ಲಿ ಬಂದು ಅಂಗಳದ ತುಂಬ ಜಾಲಿ ಮೊಳೆತವು. ಸಂಜೆ ಶಾಲೆ, ಕಚೇರಿ ಮುಗಿಸಿ ಬಂದು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ನಾನು ಪಾರ್ಥೇನಿಯಂ ಕಿತ್ತರೆ ಅವಳು ಜಾಲಿ ಕಿತ್ತಳು. ಹಸಿ ನೆಲ, ಕಿತ್ತರೆ ಬೇರುಸಹಿತ ಬರುತ್ತಿತ್ತು. ಅಷ್ಟು ಹೊತ್ತು ನಾವಿಬ್ಬರೂ ಕುಳಿತು ಮಾತಾಡಿದ್ದು ಮದುವೆಯ ಹೊಸತರಲ್ಲಿಯೂ ಇರಲಿಲ್ಲ.

ಶ್ರಾವಣ ಬಂತು. ಟೀಚರುಗಳು ಬಂದರು. ಚಪ್ಪಲಿ ಗೇಟಿನಲ್ಲೇ ಬಿಟ್ಟು, "ಅಯ್ಯ, ಎಷ್ಟ್ ಮೆತ್ತಗೈತಿ!" ಎನ್ನುತ್ತ ದುಂಡಗೆ ಕುಳಿತರು. ಸುಮಂಗಲಾ ಕಾಲು ಚಾಚಿದಳು. ಅವಳ ಮುಖ ನೋಡಿ, ಬಾಗಿದ ಕುರ್ಪಿ, ಓಣಿಯವರ ಕನಿಕರ ಎಲ್ಲ ಸಾರ್ಥಕವೆನಿಸಿತು. ನಾನೂ ಲೋಟ ಹಿಡಿದು ಒಂದು ಅಂಚಿನಲ್ಲಿ ಕುಳಿತೆ. ಮಾತು ರಂಗೇರಿತು. ಸ್ವಲ್ಪ ಹೊತ್ತಿಗೆ ನನ್ನ ಕಣ್ಣು ಅವರ ಕೈಗಳ ಮೇಲೆ ಬಿತ್ತು. ಎಲ್ಲರೂ ಹೊಲಮನೆಯ ಹೆಣ್ಣುಮಕ್ಕಳು. ಬಾಯಿ ಮಾತಾಡುತ್ತಿತ್ತು, ಎಡಗೈ ಲೋಟ ಹಿಡಿದಿತ್ತು, ಬಲಗೈ ತನ್ನಷ್ಟಕ್ಕೆ ತಾನು ಗರಿಕೆ ಕೀಳುತ್ತಿತ್ತು. ಬೇರುಸಹಿತ ಎಳೆದು, ಮಣ್ಣು ಕೊಡವಿ, ಅಚ್ಚುಕಟ್ಟಾಗಿ ಗುಡ್ಡೆ ಹಾಕುತ್ತಿದ್ದರು! ಒಬ್ಬೊಬ್ಬರ ಮುಂದೂ ರೊಟ್ಟಿಯಗಲ ನೆಲ ಬೋಳಾಗಿತ್ತು. ಬೇಡವೆಂದರೆ ಬಂದವರಿಗೆ ಅವಮಾನ, ಸುಮ್ಮನಿದ್ದರೆ ಲಾನು ಹೋಯಿತು. ಹೆಂಡತಿಗೆ ಕಣ್ಸನ್ನೆ ಮಾಡಿದೆ. ಅವಳು ಅವರ ಕಡೆ ನೋಡದೆ ನನ್ನ ಕಡೆಯೇ ನೋಡುತ್ತ, ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

"ಮದಲ ನಿಮ್ಮ ಕೈ ನೋಡ್ಕಳ್ರಿ" ಎಂದಳು.

ನೋಡಿಕೊಂಡೆ. ನನ್ನ ಮುಂದಿನ ಗುಡ್ಡೆ ಎಲ್ಲರದಕ್ಕಿಂತ ದೊಡ್ಡದಿತ್ತು.

"ಹೋಗ್ಲಿ ಬಿಡ್ರಿ," ಎಂದಳು ಸುಮಂಗಲಾ, ಇನ್ನಷ್ಟು ಕಾಲು ಚಾಚುತ್ತ, "ನಿಮ್ಮಜ್ಜನ ಕೈಯಾಗ ಸಾಯದ ಗರಿಕಿ ನಮ್ಮ ಕೈಯಾಗ ಸಾಯ್ತೈತೇನು?"

ಅಜ್ಜನ ಆ ಬೈಗುಳದಲ್ಲಿ ಇಷ್ಟೊಂದು ಸಮಾಧಾನವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗುಡ್ಡೆಯಿಂದ ಒಂದು ಗರಿಕೆ ತೆಗೆದು, ಕಿತ್ತ ಕುಳಿಯಲ್ಲೇ ಊರಿ ಹೆಬ್ಬೆರಳಿನಿಂದ ಒತ್ತಿದೆ. ನಮ್ಮ ವಂಶದಲ್ಲಿ ಗರಿಕೆ ನೆಟ್ಟವನು ನಾನೇ ಮೊದಲಿಗ.