ದನಿಯನ್ನು ಐಚ್ಛಿಕವೆಂದ ಪ್ಯಾಕೇಜ್ ಪರಿಶೀಲಕರಿಗೆ

ಮಾನ್ಯರೇ,

ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ಮನೆಯವರಿಗಿಂತ ಮೊದಲು ತಮ್ಮ ಕ್ಷೇಮವನ್ನು ಬೇಡಿಕೊಂಡು, ಹಳ್ಳಿಶಾಲೆಯಲ್ಲಿ ಕಲಿತಷ್ಟು ಅಕ್ಷರದಲ್ಲೇ ತಮಗೆ ಸಾಷ್ಟಾಂಗ ನಮಸ್ಕಾರಗಳನ್ನು ಸಲ್ಲಿಸುತ್ತಿದ್ದೇನೆ.

ಕಣ್ಣು ಕಾಣದ ನನ್ನ ಅಕ್ಕನಿಗೆ ಕೊಲೆಯ ಕಾದಂಬರಿಗಳೆಂದರೆ ಪ್ರಾಣ. ಓದಿ ಹೇಳುವ ಕೆಲಸ ನನ್ನದು. ದೇವರ ನಾಮ ಹೇಳಿದ ಬಾಯಲ್ಲೇ ದಿನಕ್ಕೊಬ್ಬರಿಗೆ ವಿಷ ಹಾಕಿ, ಕತ್ತು ಹಿಸುಕಿ ಹಣ್ಣಾಗಿದ್ದೇನೆ. ನನ್ನ ಪಾಡು ನೋಡಲಾರದೆ ಸೊಸೆ, ಕಂಪ್ಯೂಟರಿನಲ್ಲಿರುವ ಬರಹವನ್ನು ಗಟ್ಟಿಯಾಗಿ ಓದುವ ಲೈಬ್ರರಿಯೊಂದನ್ನು ಬರೆದಳು. ಲೈಬ್ರರಿ ಎಂದರೆ ಪುಸ್ತಕದ ಕಪಾಟಲ್ಲವಂತೆ. ಬೇರೆ ಪ್ರೋಗ್ರಾಂಗಳು ಕರೆದಾಗ ಬಂದು ಕೆಲಸ ಮಾಡಿಕೊಡುವ ಕೈಯಾಳಂತೆ. ಅವಳ ಕಂಪ್ಯೂಟರಿನಲ್ಲಿ ಅದು ಅರಳು ಹುರಿದ ಹಾಗೆ ಓದಿತು. ಅಕ್ಕನದರಲ್ಲಿ ಒಳಗೇ ಹೋಗಲಿಲ್ಲ.

"ಎರಡು ಕಂಪ್ಯೂಟರನ್ನೂ ನಡೆಸೋದು ಲಿನಕ್ಸೇ ಅತ್ತೆ, ಆದ್ರೆ ಪಂಗಡ ಬೇರೆ. ಒಂದೊಂದಕ್ಕೂ ಅವರವರ ಪದ್ಧತಿಯಲ್ಲೇ ಪ್ಯಾಕೇಜ್ ಕಟ್ಟಿಕೊಡಬೇಕು, ಅವರ ಪರಿಶೀಲಕರು ಒಪ್ಪಿದ್ರೇ ಒಳಗೆ," ಎಂದಳು.

ಆ ಪದ್ಧತಿಗಳನ್ನು ಎಷ್ಟು ಹೊಗಳಿದರೂ ಸಾಲದು. ಒಂದು ಪಂಗಡ ಲೈಬ್ರರಿಗೆ ಬೇರೆ ಹೆಸರಿಟ್ಟಿತು. ಇನ್ನೊಂದು ಅದನ್ನು ಬೇರೆ ಫೋಲ್ಡರಿನಲ್ಲಿ ಮಲಗಿಸಿತು. ಮತ್ತೊಂದು, ಅದು ನೆಚ್ಚಿಕೊಂಡಿದ್ದ ಇನ್ನೊಂದು ಲೈಬ್ರರಿ ತೀರಾ ಹೊಸದೆಂದು ಮುಖ ತಿರುಗಿಸಿದರೆ, ಅದರ ಪಕ್ಕದ್ದು ಅದೇ ತೀರಾ ಹಳೆಯದೆಂದು ಮೂಗು ಮುರಿಯಿತು. ಹೊರಗಿನ ಗಾಳಿಯೂ ಸೋಕದ ಖಾಲಿ ಜಾಗದಲ್ಲಿ ಪ್ಯಾಕೇಜನ್ನು ಮೊದಲಿನಿಂದ ಕಟ್ಟಿ ತೋರಿಸಬೇಕೆಂಬ ತಮ್ಮ ಮಡಿಯನ್ನು ಕಂಡು, ಬರೀ ಕೈಕಾಲು ತೊಳೆದು ದೇವರ ಮುಂದೆ ಕೂರುವ ನನಗೇ ನಾಚಿಕೆಯಾಯಿತು.

ಕೊನೆಗೆ ಅಕ್ಕನ ಪಂಗಡದವರಾದ ತಾವು ಒಪ್ಪಿದಿರಿ. ಪರದೆಯ ಮೇಲೆ 'ಯಶಸ್ವಿ' ಎಂದು ಬಂತು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಕಾದಂಬರಿ ತೆರೆದು, ಗುಂಡಿ ಒತ್ತಿದೆವು. ಸದ್ದಿಲ್ಲ.

"ಏನೇ, ಮೌನವ್ರತ ಹಿಡಿದಿದೆಯೇನೇ ಇದು?" ಎಂದಳು ಅಕ್ಕ.

ಸೊಸೆ ತಡಕಾಡಿ ನೋಡಿದರೆ, ಪ್ಯಾಕೇಜ್ ಹಗುರವಾಗಿರಲೆಂದು ತಾವು ದನಿಯನ್ನು ಬೇರೆ ಪೊಟ್ಟಣ ಮಾಡಿಸಿ, ಅದಕ್ಕೆ 'ಐಚ್ಛಿಕ' ಎಂದು ಚೀಟಿ ಅಂಟಿಸಿ, ಇನ್ನೂ ಪರಿಶೀಲನೆಯ ಸಾಲಿನಲ್ಲೇ ನಿಲ್ಲಿಸಿದ್ದೀರಿ! ಓದಿ ಹೇಳುವುದೊಂದೇ ಕೆಲಸವಿರುವವನಿಗೆ ಬಾಯಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂಬ ಈ ವೈರಾಗ್ಯ ಸಂತರಿಗೂ ಸಿದ್ಧಿಸಿದ್ದನ್ನು ನಾನು ಕೇಳಿಲ್ಲ.

ಆದಕಾರಣ ದನಿಯನ್ನು ಕಡ್ಡಾಯ ಮಾಡಬೇಕಾಗಿ ಕೋರುತ್ತೇನೆ. ಅದಾಗದ ಮಾತಾದರೆ ತಾವೇ ಬಂದು ಅಕ್ಕನ ಪಕ್ಕದಲ್ಲಿ ಕೂತು ಓದಬೇಕು. ತಮ್ಮ ದನಿಯನ್ನು ಬೇರೆ ಪೊಟ್ಟಣದಲ್ಲಿ ತಂದರೂ ಅಡ್ಡಿಯಿಲ್ಲ, ಹೊಸಿಲಲ್ಲೇ ಪರಿಶೀಲಿಸಿ ಒಳಗೆ ಬಿಟ್ಟುಕೊಳ್ಳುತ್ತೇವೆ. ಅದೂ ಆಗದಿದ್ದರೆ, ಯಾರೂ ಸಾಯದ ಕೊಲೆ ಕಾದಂಬರಿಗಳನ್ನಾದರೂ ಪ್ಯಾಕೇಜ್ ಮಾಡಿ ಕಳುಹಿಸಿಕೊಡಬೇಕು.

ಗಂಟಲು ಕಟ್ಟಿದರೂ ಓದು ಬಿಡದ ತಮ್ಮ ವಿಶ್ವಾಸಿ,
ಅಕ್ಕನ ತಂಗಿ

ವಿ.ಸೂ.: ನಿನ್ನೆ ಕಾದಂಬರಿ ಮುಗಿಯಿತು. ವಿಷ ಹಾಕಿದವನ ಹೆಸರು ಓದುವ ಜಾಗಕ್ಕೆ ಬಂದಾಗ ನನ್ನ ಬಾಯಿಗೆ ತಾನಾಗಿಯೇ 'ಪ್ಯಾಕೇಜ್ ಪರಿಶೀಲಕರು' ಎಂದು ಬಂದುಬಿಟ್ಟಿತು. ಅಕ್ಕನಿಗೆ ಆಶ್ಚರ್ಯವೇ ಆಗಲಿಲ್ಲ. "ನಂಗೊತ್ತಿತ್ತು ಬಿಡೇ, ಅಷ್ಟು ನಿಯಮ ಹೇಳೋರ ಮೇಲೆ ನಂಗೆ ಮೊದಲಿಂದಲೂ ಅನುಮಾನ," ಎಂದಳು.