ಬೀಗರು ಮಾಜಿಯಾದ ಮೇಲೆ

ಮಾತು ಬಾರದವಳ ಮನೆಗೆ ಮಾತನ್ನೇ ಉದ್ಯೋಗ ಮಾಡಿಕೊಂಡವರು ಬಂದು ಕುಳಿತರೆ ಏನಾಗುತ್ತದೆ ಎಂಬುದನ್ನು ನಾನು ಈವರೆಗೆ ಬಾಯಿಬಿಟ್ಟು ಹೇಳಿಲ್ಲ. ಬಾಯಿ ಬಿಡುವುದೇ ನನಗೆ ಕಷ್ಟ. ಬಾಗಲಕೋಟೆ ಕಡೆಯ ನಮ್ಮೂರ ಶಾಲೆಯಲ್ಲಿ ಮಾಸ್ತರರು ನನ್ನ ಹೆಸರು ಕೂಗಿದರೆ ಪಕ್ಕದವಳು ‘ಬಂದಾಳ್ರಿ’ ಎನ್ನುತ್ತಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ, ಮಕ್ಕಳೇ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮಮ್ಮ ಓದಿ ಹೇಳಲಿ. ನಡುವೆ ಅವಳು ಎಲ್ಲಾದರೂ ಹಾರಿಸಿದರೆ, ಅಲ್ಲಿ ನಿಮ್ಮ ಸಿಲ್ಲೋಡಿನ ಅಜ್ಜನ ವಿಷಯವಿದೆ ಎಂದು ತಿಳಿದುಕೊಳ್ಳಿ.

ಆ ಅಜ್ಜ, ಅಂದರೆ ನಿಮ್ಮಪ್ಪನ ತಂದೆ, ನಮ್ಮ ಬೀಗರು, ಮಹಾರಾಷ್ಟ್ರದ ಆ ಊರಿನಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡು ಸುಖವಾಗಿದ್ದವರು. ಆ ಕಡೆಯ ಒಬ್ಬ ಶಾಸಕರು ತೀರಿಕೊಂಡು ಉಪಚುನಾವಣೆ ಬಂತು. ಟಿಕೆಟ್ಟಿಗಾಗಿ ಪಕ್ಷದ ಇಬ್ಬರು ದೊಡ್ಡವರು ಕಚ್ಚಾಡಿದರು. ಅವನಿಗೂ ಬೇಡ, ಇವನಿಗೂ ಬೇಡ, ಯಾರ ತಂಟೆಗೂ ಹೋಗದ ಮನುಷ್ಯ ಎಂದು ಇವರನ್ನು ನಿಲ್ಲಿಸಿದರು. ಗೆದ್ದೇಬಿಟ್ಟರು. ವಿಧಾನಸಭೆಯ ಅವಧಿಯಲ್ಲಿ ಉಳಿದಿದ್ದು ಒಂದು ವರ್ಷ ಚಿಲ್ಲರೆ. ಅರ್ಧ ಸನ್ಮಾನ, ಮೆರವಣಿಗೆಗಳಲ್ಲಿ ಹೋಯಿತು. ಇನ್ನರ್ಧ ಮುಂಬಯಿಯಲ್ಲಿ ಉಳಿಯಲು ಒಳ್ಳೆಯ ಕೋಣೆ ಸಿಗಲೆಂದು ಕಾಯುವುದರಲ್ಲಿ ಹೋಯಿತು. ಸದನದಲ್ಲಿ ಒಮ್ಮೆ ಮಾತಾಡಲು ಎದ್ದು ನಿಂತರಂತೆ. ಅಷ್ಟರಲ್ಲಿ ಊಟಕ್ಕೆ ಬಿಟ್ಟರು. ಮುಂದಿನ ಚುನಾವಣೆಯ ಹೊತ್ತಿಗೆ ಆ ಇಬ್ಬರು ದೊಡ್ಡವರು ರಾಜಿಯಾದ್ದರಿಂದ ಇವರನ್ನು ಕೇಳುವವರಿಲ್ಲದಾಯಿತು. ಶಾಸಕರಾಗಿದ್ದದ್ದು ಅಷ್ಟೇ. ಆದರೆ ಮಾಜಿ ಶಾಸಕರಾಗಿರುವುದಕ್ಕೆ ಅವಧಿ ಎಂಬುದಿಲ್ಲ ನೋಡಿ, ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಗ್ರಹ ಸರಿಯಿಲ್ಲವೆಂದು ಯಾರೋ ಹೇಳಿದರು. ತ್ರ್ಯಂಬಕೇಶ್ವರದಲ್ಲಿ ಶಾಂತಿ ಮಾಡಿಸಲು ಬಂದವರು ನಾಶಿಕದ ನಮ್ಮ ಮನೆಯಲ್ಲಿ ಇಳಿದುಕೊಂಡರು. ಮಾಜಿ ಶಾಸಕರು ಲಾಡ್ಜಿನಲ್ಲಿ ಇಳಿದರೆ ಜನ ಏನಂದುಕೊಂಡಾರು? ಶಾಂತಿ ಎರಡು ದಿನದಲ್ಲಿ ಮುಗಿಯಿತು. ಗ್ರಹಗಳು ತಮ್ಮ ಪಾಡಿಗೆ ಹೋದವು. ಬೀಗರು ಹೋಗಲಿಲ್ಲ.

ಪಂಚವಟಿಯ ನಮ್ಮ ಮನೆ ನಿಮಗೆ ಗೊತ್ತಲ್ಲ. ಓಝರಿನ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನಿಮ್ಮ ತಾತ ಕೊಂಡದ್ದು. ಬಾಗಿಲು ತೆಗೆದರೆ ಓಣಿ. ಆ ಬಾಗಿಲಲ್ಲಿ ಕುರ್ಚಿ ಹಾಕಿ, ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು, ಬೀಗರು ಬೆಳಿಗ್ಗೆಯೇ ಕುಳಿತುಬಿಡುತ್ತಿದ್ದರು. ಹೋಗುವ ಬರುವವರಿಗೆಲ್ಲ “ಯಾ, ಯಾ, ಬಸಾ!” ಎಂದು ಮರಾಠಿಯಲ್ಲಿ ಆಹ್ವಾನ. ಒಳಕ್ಕೆ ತಿರುಗಿ “ಅಕ್ಕಾರ, ಜರಾ ಚಹಾ!” ಎಂದು ಕನ್ನಡದಲ್ಲಿ ಆಜ್ಞೆ. ಬಂದವರು ಏನು ಕೇಳಿದರೂ “ಕಾಮ ಹೋಯೀಲ್”, ಕೆಲಸ ಆಗುತ್ತದೆ, ಎಂಬ ಆಶ್ವಾಸನೆ. ಒಮ್ಮೆ ರಾಮಕುಂಡಕ್ಕೆ ದಾರಿ ಕೇಳಿದ ಯಾತ್ರಿಕನೊಬ್ಬ ಚಹಾ ಕುಡಿದು, ತನ್ನ ಹಳ್ಳಿಗೆ ರಸ್ತೆಯನ್ನೂ ಮಂಜೂರು ಮಾಡಿಸಿಕೊಂಡು ಹೋದ. ಅವನ ಹಳ್ಳಿ ಮಧ್ಯಪ್ರದೇಶದಲ್ಲಿತ್ತು.

ನಿಮ್ಮ ತಾತ ಬೀಗರ ಮಾತಿಗೆ ಹೂಂಗುಟ್ಟುತ್ತ ಬಾಗಿಲಲ್ಲಿ, ನಾನು ತಲೆಯ ಮೇಲೆ ಸೆರಗು ಹೊದ್ದು ಅಡುಗೆಮನೆಯಲ್ಲಿ. ಬೀಗರ ಮುಂದೆ ನಮ್ಮ ಕಡೆ ಹೆಂಗಸರು ತಲೆ ಎತ್ತಿ ಮಾತಾಡುವುದಿಲ್ಲ, ನಾನಂತೂ ಕೊತ್ತಂಬರಿ ಮಾರುವವನ ಮುಂದೆಯೂ ಮಾತಾಡುವುದಿಲ್ಲ. ಬಾಗಿಲ ತುಂಬ ಚಪ್ಪಲಿಗಳಿದ್ದು ರಂಗೋಲಿ ಹಾಕಲು ಜಾಗವಿಲ್ಲ. ಟಿ.ವಿ.ಯಲ್ಲಿ ದಿನವಿಡೀ ರಾಜಕೀಯದ ಜಗಳ. ನನ್ನ ಧಾರಾವಾಹಿಯ ಸೊಸೆ ಹೆತ್ತಳೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಕೊನೆಗೆ ಸಂಭಾಜಿನಗರದ ನಿಮ್ಮ ಮನೆಗೆ ಫೋನು ಮಾಡಿ ನಿಮ್ಮಮ್ಮನ ಮುಂದೆ ಅತ್ತುಬಿಟ್ಟೆ.

“ಅವ್ವಾ, ‘ಹೋಗ್ರಿ’ ಅಂತ ಮಾತ್ರ ಅಂದುಗಿಂದೀ, ಹುಷಾರ್! ನಾ ಇಲ್ಲಿ ಸಂಸಾರ ಮಾಡಬೇಕು.”

“ಮತ್ತ ನಾ ಎಲ್ಲಿ ಮಾಡ್ಲೇ?” ಎಂದೆ. ಅವಳು ಕುಕ್ಕರ್ ಕೂಗಿತು ಎಂದು ಫೋನು ಇಟ್ಟಳು.

ಉಪಾಯ ಹೇಳಿದವಳು ಎದುರುಮನೆಯ ಶಾಂತಕ್ಕ. ಗಂಡ ಬ್ಯಾಂಕಿನಲ್ಲಿದ್ದು, ಊರೂರು ವರ್ಗವಾಗಿ ಬಂದವಳು. “ಸತ್ಕಾರ ಮಾಡಿ ಕಳಸೂಣ್ರಿ! ನಮ್ಮವರಿಗೆ ಎಷ್ಟು ಊರಾಗ ಮಾಡ್ಯಾರ. ಶಾಲು ಹೊದಿಸಿ, ಕೈಯಾಗ ತೆಂಗಿನಕಾಯಿ ಇಟ್ಟು, ನಾಕು ಒಳ್ಳೇ ಮಾತು ಆಡಿದ್ರಂದ್ರ ಮುಗೀತು, ಮನಷ್ಯಾ ಮರುದಿನ ಸಾಮಾನು ಕಟ್ಟಲೇಬೇಕು.” ವರ್ಗವಾಗುವವರ ಮನೆಗಳಲ್ಲಿ ಶಾಲು, ತೆಂಗಿನಕಾಯಿ ಎಂದರೆ ಬೀಳ್ಕೊಡುಗೆ. ಅದಕ್ಕೆ ಬೇರೆ ಅರ್ಥವಿರಬಹುದೆಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಭಾನುವಾರ ಪಂಚವಟಿಯ ಕನ್ನಡದವರೆಲ್ಲ ನಮ್ಮ ಬಾಗಿಲ ಮುಂದೆ ಸೇರಿದರು. ಶಾಲು ಹೊದಿಸಿದೆವು. ಬೀಗರ ಕಣ್ಣಲ್ಲಿ ನೀರು ಬಂತು. ಮೈಕು ಹಿಡಿದು, “ಇಷ್ಟು ಪ್ರೀತಿ ತೋರಿಸಿದ ಮ್ಯಾಲೆ ನಾ ಎಲ್ಲಿಗೆ ಹೋಗ್ಲಿ? ಇನ್ನ ಮ್ಯಾಲೆ ಪಂಚವಟೀನ ನನ್ನ ಕರ್ಮಭೂಮಿ! ಇಲ್ಲೇ ಇದ್ದು ನಿಮ್ಮೆಲ್ಲಾರ ಸೇವಾ ಮಾಡ್ತೀನಿ” ಎಂದರು. ಶಾಂತಕ್ಕ ನನ್ನ ಮುಖ ನೋಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ರಾಜಕಾರಣಿಗೆ ಶಾಲು ಹೊದಿಸುವುದೆಂದರೆ ಒಲೆಗೆ ಇನ್ನಷ್ಟು ಸೌದೆ ಇಟ್ಟಂತೆ ಎಂದು ನನಗೆ ಆಗ ತಿಳಿಯಿತು.

ವಂದನೆ ಹೇಳಬೇಕಾದವಳು ಶಾಂತಕ್ಕ. ಗಾಬರಿಯಲ್ಲಿ ಅವಳು ಮೈಕನ್ನು ನನ್ನ ಕೈಗೆ ತುರುಕಿದಳು. ಎದ್ದು ನಿಂತೆ. ‘ಎಲ್ಲರಿಗೂ ಧನ್ಯವಾದ’ ಎಂದು ಕುಳಿತುಕೊಳ್ಳಬೇಕಿತ್ತು. ಆದರೆ ಅಷ್ಟು ದಿನದ ಚಹಾ ಒಳಗೆ ಕುದಿಯುತ್ತಿತ್ತೋ ಏನೋ, ಬಂದದ್ದು ಬೇರೆ ಮಾತು.

“ಬೀಗರು ಸೇವಾ ಮಾಡ್ತೀನಿ ಅಂದಾರ, ಭಾಳ ಚಲೋ ಆತು. ನಮ್ಮ ಓಣಿ ಗಟಾರದ ಮುಚ್ಚಳ ಹೋಗಿ ಒಂದು ಮಳಿಗಾಲ ಕಳೀತು. ದಿನಾ ಅದನ್ನ ದಾಟಿ ಹಾಲು ತರ್ತೀನಿ. ಆ ಹಾಲಿನ ಚಹಾನ ನೀವೆಲ್ಲಾರೂ ಕುಡದೀರಿ. ಕುಡದವರು ಒಬ್ಬರೂ ಮುಚ್ಚಳದ ಸುದ್ದಿ ತಗೀಲಿಲ್ಲ. ನಾನೂ ತಗೀಲಿಲ್ಲ, ಯಾಕಂದ್ರ ನಾ ಒಳಗ ಮತ್ತ ಚಹಾ ಕಾಸಾಕತ್ತಿದ್ದೆ.”

ಆಮೇಲೆ ಎದ್ದ ಚಪ್ಪಾಳೆ ಬೀಗರಿಗೆ ಬಿದ್ದದ್ದಕ್ಕಿಂತ ದೊಡ್ಡದು. ಹಿಂದಿನಿಂದ ಯಾರೋ ಕೂಗಿದರು: “ಅಕ್ಕಾರ, ಈ ಸಲ ವಾರ್ಡಿನ ಇಲೆಕ್ಷನ್ನಿಗೆ ನೀವ ನಿಲ್ರಿ!” ಬೀಗರೂ ಚಪ್ಪಾಳೆ ತಟ್ಟಿದರು, ಬೆರಳ ತುದಿಯಿಂದ.

ಮರುದಿನ ಬೆಳಿಗ್ಗೆ ಅವರ ಚೀಲ ಬಾಗಿಲಲ್ಲಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. “ಅಕ್ಕಾರ, ಪಂಚವಟಿ ನಿಮಗ ಬಿಟ್ಟೇನ್ರಿ. ಸಿಲ್ಲೋಡ್ ಕಡೆ ಮಾತ್ರ ಬರಬ್ಯಾಡ್ರಿ.” ನಗುತ್ತಾರೇನೋ ಎಂದು ಕಾದೆ. ನಗಲಿಲ್ಲ. ಗಾಬರಿಯಾಗಿ ನಿಮ್ಮಮ್ಮನಿಗೆ ಫೋನು ಮಾಡಿದರೆ, “ಮಾವನವರು ನಿನ್ನ ಭಾಳ ಹೊಗಳಾಕತ್ತಾರವ್ವಾ, ‘ನಿಮ್ಮವ್ವಗ ರಾಜಕಾರಣ ಗೊತ್ತೈತಿ’ ಅಂದ್ರು” ಎಂದಳು. ಅವಳ ಸಂಸಾರ ಉಳಿಯಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಓಣಿಯ ಜನ ನನ್ನನ್ನು ಕಂಡರೆ ಎರಡೂ ಕೈ ಎತ್ತಿ ನಮಸ್ಕರಿಸತೊಡಗಿದರು. ಹಾಲಿನ ಅಂಗಡಿಗೆ ಹಿತ್ತಲ ಸಂದಿಯಲ್ಲಿ ಅದೇ ಗಟಾರ ದಾಟಿ ಹೋದರೆ ಹತ್ತಿರ. ನಾನು ನಾಲ್ಕು ಜನ ನೋಡಲೆಂದು ಪೇಟೆಯ ದಾರಿ ಹಿಡಿದೆ. ಇಸ್ತ್ರಿ ಮಾಡಿದ ಸೀರೆ ಉಟ್ಟೆ. ಒಬ್ಬ ರಿಕ್ಷಾದವನು ಗಾಡಿ ನಿಲ್ಲಿಸಿ, “ಮಾವಶೀ, ಝಾಕಣ ಕಧೀ?” ಎಂದ. ಮುಚ್ಚಳ ಯಾವಾಗ ಬರುತ್ತದೆ ಎಂದು ಕೇಳಿದ್ದು. ಅಳುಕಿಲ್ಲದೆ, “ಹೋಯೀಲ್” ಎಂದುಬಿಟ್ಟೆ.

ಮುಚ್ಚಳ ಇನ್ನೂ ಬಂದಿಲ್ಲ. ಕೇಳುವವರು ಹೆಚ್ಚಾಗಿದ್ದಾರೆ. ನಾನೀಗ ಯಾರ ಕಣ್ಣಿಗೂ ಬೀಳದಂತೆ ಹಿತ್ತಲ ಸಂದಿಯಿಂದಲೇ ಹಾಲು ತರುತ್ತೇನೆ. ನಿಮ್ಮ ಸಿಲ್ಲೋಡಿನ ಅಜ್ಜ ಶಾಸಕರಾಗಿ ಒಂದು ವರ್ಷ ಚಿಲ್ಲರೆಯಾದರೂ ತಾಳಿಕೊಂಡಿದ್ದರು.